ಒಂದು ಪಾವು ಅಕ್ಕಿ

ಮಂಗಳವಾರ ರಾತ್ರಿ ಹನ್ನೊಂದೂವರೆ. ಬೆಳಗಾದರೆ ಇಲ್ಲಿ ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಕೂಟದ ಸುದ್ದಿಪತ್ರ ಪ್ರೆಸ್ಸಿಗೆ ಹೋಗಬೇಕು. ರಾಜ್ಯೋತ್ಸವದ ಫೋಟೋಗಳು ಇನ್ನೂ ಬರುತ್ತಲೇ ಇವೆ, ಈ ಪುಟ ಮಾತ್ರ ಖಾಲಿ ಉಳಿದಿದೆ. ರಾಜ್ಯೋತ್ಸವದ ಬಗ್ಗೆಯೇ ಬರೆಯೋಣ ಅಂದುಕೊಂಡಿದ್ದೆ. ಆದರೆ ನಿನ್ನೆ ಸಂಜೆ ಮಗಳು ಆಡಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ.

ಅವಳೀಗ ಹತ್ತನೇ ಕ್ಲಾಸು. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮುಂಚೆ ಅವಳ ಹೈಸ್ಕೂಲಲ್ಲಿ ಫುಡ್ ಡ್ರೈವ್, ಅಂದರೆ ಇಲ್ಲದವರಿಗೆ ಕೊಡಲು ದಿನಸಿ ಕೂಡಿಸೋ ಕೆಲಸ, ನಡೆಯುತ್ತಿದೆ. ಏನೇನು ತರಬಹುದು ಅನ್ನೋ ಚೀಟಿ ಹಿಡಿದುಕೊಂಡು ಪ್ಯಾಂಟ್ರಿ ಬಾಗಿಲು ತೆಗೆದಳು, ಸ್ವಲ್ಪ ಹೊತ್ತು ನೋಡಿದಳು. "ಅಮ್ಮಾ, ನಮ್ಮನೇಲಿ ಕೊಡೋಕೆ ಏನೂ ಇಲ್ಲ" ಅಂದಳು.

ಅವಳ ಕಾಲ ಬುಡದಲ್ಲೇ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ. ಮೇಲೆ ತೊಗರಿಬೇಳೆ, ಹೆಸರುಬೇಳೆ, ಕಡಲೆ, ಎರಡು ಥರದ ರವೆ, ಗಟ್ಟಿ ಅವಲಕ್ಕಿ. ಚೀಟಿಯಲ್ಲಿ ಇದ್ದದ್ದು ಟ್ಯೂನಾ ಡಬ್ಬಿ, ಬೀನ್ಸ್ ಡಬ್ಬಿ, ಪೀನಟ್ ಬಟರ್, ಸೀರಿಯಲ್. ಡಬ್ಬಿ ಇಲ್ಲ ಅಂದರೆ ಏನೂ ಇಲ್ಲ ಅಂತ ಅವಳ ಲೆಕ್ಕ. ಚೀಟಿ ಇಸಕೊಂಡು ಕೊನೆವರೆಗೂ ಓದಿದೆ. ಅಕ್ಕಿ, ಒಣಕಾಳು ಕೂಡ ಆಗುತ್ತೆ ಅಂತ ಬರೆದಿತ್ತು.

ರಜೆಗೆ ಮುಂಚೆಯೇ ಯಾಕೆ ಇದು ಅಂತ ನಿಮಗೆ ಗೊತ್ತಿರಬಹುದು, ನನಗೆ ಸರಿಯಾಗಿ ಹೊಳೆದಿರಲಿಲ್ಲ. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ 2022-23ರಿಂದ ಎಲ್ಲ ಮಕ್ಕಳಿಗೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಉಚಿತ. ಶಾಲೆ ಮುಚ್ಚಿದರೆ ಆ ಎರಡು ಹೊತ್ತೂ ನಿಂತುಹೋಗುತ್ತವೆ. ನವೆಂಬರಿನಲ್ಲಿ ಒಂದು ವಾರ, ಡಿಸೆಂಬರಿನಲ್ಲಿ ಎರಡು ವಾರ. "ನಮ್ಮ ಕ್ಲಾಸಲ್ಲಿ ಒಬ್ಬನಿಗೆ ರಜೆ ಅಂದ್ರೇನೇ ಇಷ್ಟ ಇಲ್ಲ" ಅಂತ ಹೇಳಿ ಮಗಳು ಮೇಲೆ ಹೋದಳು. ನಾನು ಪ್ಯಾಂಟ್ರಿ ಮುಂದೆಯೇ ನಿಂತಿದ್ದೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳ್ಳಿ. 1988ರಲ್ಲಿ ನಾನು ಒಂಬತ್ತನೇ ಕ್ಲಾಸು. ಹೆಂಚಿನ ಹೈಸ್ಕೂಲು, ಜಗಲಿಯಲ್ಲಿ ತೂಗುಹಾಕಿದ ರೈಲು ಹಳಿಯ ತುಂಡೇ ಗಂಟೆ. ಅರ್ಧವಾರ್ಷಿಕ ಪರೀಕ್ಷೆ ಮುಗಿದು ದಸರಾ ರಜೆ ಕೊಡುವ ದಿನ ಶಾರದಾ ಪೂಜೆ. ಹಿಂದಿನ ದಿನವೇ ಬೆಂಚುಗಳನ್ನೆಲ್ಲ ಹೊರಗೆ ಹೊತ್ತು ತಂದು ಬಾವಿ ನೀರಲ್ಲಿ ತೊಳೆಯುತ್ತಿದ್ದೆವು. ಪೂಜೆಗಿಟ್ಟ ಪುಸ್ತಕ ಮುಟ್ಟೋ ಹಾಗಿಲ್ಲ ಅಲ್ವಾ, ಹಾಗಾಗಿ ಗಣಿತದ ಪುಸ್ತಕ ತರೋದನ್ನು ಯಾರೂ ಮರೆಯುತ್ತಿರಲಿಲ್ಲ.

ಮಧ್ಯಾಹ್ನ ಎಲ್ಲರಿಗೂ ಊಟ. ಅದಕ್ಕೆ ಒಬ್ಬೊಬ್ಬರೂ ಮನೆಯಿಂದ ಒಂದು ಪಾವು ಅಕ್ಕಿ, ಅರ್ಧ ಕಾಯಿ ತರಬೇಕು. ಅನುಕೂಲ ಇದ್ದವರ ಮನೆಯಿಂದ ಪಾಯಸಕ್ಕೆ ಜೋನಿ ಬೆಲ್ಲ ಬರುತ್ತಿತ್ತು. ಅಕ್ಕಿ ಇಲ್ಲದವರು ಬಾಳೆ ಎಲೆ ತನ್ನಿ, ಎಲೆಯೂ ಇಲ್ಲದವರು ಸೌದೆ ತನ್ನಿ ಅಂತ ನಮ್ಮ ಕನ್ನಡ ಮೇಷ್ಟ್ರು ವಾರದ ಮೊದಲೇ ಹೇಳಿರುತ್ತಿದ್ದರು. ಆ ದಿನ ಪಂಚೆ ಎತ್ತಿ ಕಟ್ಟಿ ಜಗಲಿಯಲ್ಲಿ ಕೂರುತ್ತಿದ್ದರು. ಮುಂದೆ ದೊಡ್ಡ ಬಿದಿರಿನ ಬುಟ್ಟಿ. ನಾವು ಸಾಲಾಗಿ ಹೋಗಿ ಸುರಿಯಬೇಕು. ಕೆಲವರದು ಸಣ್ಣಕ್ಕಿ, ಕೆಲವರದು ಕುಚ್ಚಲಕ್ಕಿ, ಕೆಲವರದು ನುಚ್ಚು ಬೆರೆತ ರೇಷನ್ ಅಕ್ಕಿ. ಒಬ್ಬೊಬ್ಬರು ಸುರಿದಾಗಲೂ ಮೇಷ್ಟ್ರು ಬುಟ್ಟಿಗೆ ಕೈ ಹಾಕಿ ತಿರುವಿಬಿಡುತ್ತಿದ್ದರು. ಒಲೆ ಹತ್ತಿರ ಇದ್ದ ಅಟೆಂಡರಿಗೆ ಸಿಟ್ಟು. "ಸಾರ್, ಕುಚ್ಚಲಕ್ಕಿ ಬೇಯೋ ಹೊತ್ತಿಗೆ ಸಣ್ಣಕ್ಕಿ ಗಂಜಿ ಆಗ್ತದೆ. ಬೇರೆ ಬೇರೆ ಇಡಣ." ಮೇಷ್ಟ್ರದ್ದು ಒಂದೇ ಉತ್ತರ: "ಇರಲಿ ಬಿಡು ಮಾರಾಯ." ನಮ್ಮ ಚಿತ್ರಾನ್ನದಲ್ಲಿ ಒಂದು ಅಗುಳು ಮೆತ್ತಗೆ, ಇನ್ನೊಂದು ಗಟ್ಟಿ.

ಅದು ಯಾಕೆ ಅಂತ ಅರ್ಥವಾಗಲು ನನಗೆ ಬಹಳ ವರ್ಷ ಹಿಡಿಯಿತು. ಬೆರೆತ ಮೇಲೆ ಯಾರ ಅಕ್ಕಿ ಯಾವುದು ಅಂತ ಯಾರಿಗೂ ತಿಳಿಯಲ್ಲ.

ನನ್ನ ಪಕ್ಕ ಕೂರುತ್ತಿದ್ದವಳು ಎಲೆ ತರುತ್ತಿದ್ದಳು. ಹೈಸ್ಕೂಲಿನ ಮೂರು ವರ್ಷವೂ ಎಲೆಯೇ. ನೀರು ತೊಟ್ಟಿಕ್ಕುವ ಎಲೆಗಳ ಸುರುಳಿ ತಲೆ ಮೇಲೆ ಹೊತ್ತು ನಾಲ್ಕು ಮೈಲಿ ನಡೆದು ಬರುತ್ತಿದ್ದಳು. ದಾರಿಯಲ್ಲಿ ಒಂದು ಎಲೆಯೂ ಸೀಳಿರುತ್ತಿರಲಿಲ್ಲ. ನಾವೆಲ್ಲ ಉಂಡಿದ್ದು ಅವಳು ತಂದ ಎಲೆಯ ಮೇಲೆ. ಊಟ ಮುಗಿದು ಹೊರಡುವಾಗ ಮೇಷ್ಟ್ರು ಅವಳನ್ನು ಕರೆದು, ಬಾಡಿಸಿದ ಎಲೆಯಲ್ಲಿ ಸುತ್ತಿ ಬಾಳೆ ನಾರಿನಿಂದ ಕಟ್ಟಿದ ಪೊಟ್ಟಣ ಕೊಡುತ್ತಿದ್ದರು. "ಉಳಿದುಬಿಟ್ಟಿದೆ, ಸುಮ್ನೆ ಹಾಳಾಗುತ್ತೆ, ತಗೊಂಡು ಹೋಗು." ಆ ಪೊಟ್ಟಣ ಕಟ್ಟಿದ್ದು ನಾವು ಊಟಕ್ಕೆ ಕೂರುವುದಕ್ಕೆ ಮುಂಚೆ. ನಾನೇ ನೋಡಿದ್ದೆ.

ರಜೆ ಮುಗಿಸಿ ಬಂದಾಗ ಅವಳ ಬೆರಳೆಲ್ಲ ಕಪ್ಪಾಗಿರುತ್ತಿತ್ತು. ಅಡಿಕೆ ಸುಲಿದ ಕಲೆ. ನಾನು ಅಜ್ಜನ ಮನೆಯ ಸುದ್ದಿಯೆಲ್ಲ ಹೇಳುತ್ತಿದ್ದೆ, ಅವಳು ಕೇಳುತ್ತಿದ್ದಳು. ರಜೆಯಲ್ಲಿ ನೀನೇನು ಮಾಡಿದೆ ಅಂತ ನಾನು ಒಮ್ಮೆಯಾದರೂ ಕೇಳಿದ ನೆನಪಿಲ್ಲ. ಆಗ ನಮ್ಮಲ್ಲಿ ಬಿಸಿಯೂಟ ಇರಲಿಲ್ಲ. ಅಕ್ಷರ ದಾಸೋಹ ಶುರುವಾಗಿದ್ದು 2002ರಲ್ಲಿ. ಅಷ್ಟರಲ್ಲಿ ನಾನು ಇಲ್ಲಿಗೆ ಬಂದಾಗಿತ್ತು.

ಈಗ ಕೆಲಸದ ಮಾತು. ನಮ್ಮ ಭಾನುವಾರದ ಕನ್ನಡ ತರಗತಿಗಳು ನಡೆಯುವುದೂ ಮಗಳ ಇದೇ ಹೈಸ್ಕೂಲಿನ ಕೋಣೆಗಳಲ್ಲೇ. ನಾವು ಬರುತ್ತೇವೆ, ಬೋರ್ಡಿನ ಮೇಲೆ ಕಾಗುಣಿತ ಬರೆಯುತ್ತೇವೆ, ಒರೆಸಿ ಹೋಗುತ್ತೇವೆ. ಸೋಮವಾರ ಆ ಬೆಂಚಿನ ಮೇಲೆ ಕೂರುವ ಮಗು ಯಾರು ಅಂತ ನಮಗೆ ಗೊತ್ತಿಲ್ಲ. ಈ ಸಲ ಆ ಮಗುವಿಗೂ ನಮ್ಮ ಕಡೆಯಿಂದ ಏನಾದರೂ ಹೋಗಲಿ ಅಂತ ನನ್ನ ಆಸೆ. ಈ ಭಾನುವಾರ ತರಗತಿಯ ಬಾಗಿಲಲ್ಲಿ ಪೆಟ್ಟಿಗೆ ಇಡುತ್ತೇವೆ. ಅಕ್ಕಿ, ಬೇಳೆ, ಕಾಳು, ಏನಾದರೂ ತನ್ನಿ. ಮನೆಯ ಡಬ್ಬದಿಂದ ಅಳೆದು ಕೊಡೋ ಹಾಗಿಲ್ಲ, ಒಡೆಯದ ಪ್ಯಾಕೆಟ್ಟೇ ಆಗಬೇಕು. ಚಿಕ್ಕ ಪ್ಯಾಕೆಟ್ಟಾದರೆ ಹಂಚಲು ಸುಲಭ. ಗಾಜಿನ ಬಾಟಲಿ ಬೇಡ, ತಾರೀಖು ಮುಗಿದದ್ದು ಖಂಡಿತ ಬೇಡ. ಅದಾದ ಶುಕ್ರವಾರ ಮಧ್ಯಾಹ್ನದೊಳಗೆ ಎಲ್ಲವೂ ಶಾಲೆಯ ಆಫೀಸು ಸೇರಬೇಕು. ದೊಡ್ಡ ವ್ಯಾನ್ ಇರುವವರು ಒಬ್ಬರು ಬೇಕು. ಹೈಸ್ಕೂಲಿನ ಮಕ್ಕಳು ಬಂದು ಜೋಡಿಸಿಕೊಟ್ಟರೆ ವಾಲಂಟಿಯರ್ ಗಂಟೆಗಳಿಗೆ ಸಹಿ ಹಾಕಿಕೊಡುತ್ತೇವೆ.

ಜಾಗ ಕಮ್ಮಿ ಇದೆ, ಉಳಿದದ್ದು ಬೇಗ ಬೇಗ. ಥ್ಯಾಂಕ್ಸ್‌ಗಿವಿಂಗ್ ಆದ ಭಾನುವಾರ ಕನ್ನಡ ತರಗತಿ ಇಲ್ಲ. ಡಿಸೆಂಬರ್ ಎರಡನೇ ವಾರ ಹೈಸ್ಕೂಲಿನ ವಿಂಟರ್ ಕಾನ್ಸರ್ಟ್, ಆರ್ಕೆಸ್ಟ್ರಾದಲ್ಲಿ ನಮ್ಮ ಕೂಟದ ಮಕ್ಕಳೂ ಇದ್ದಾರೆ, ದಯವಿಟ್ಟು ಹೋಗಿ ಚಪ್ಪಾಳೆ ತಟ್ಟಿ. ಅದರ ಮುಂದಿನ ವಾರ ಫೈನಲ್ಸ್ ಪರೀಕ್ಷೆ, ಹಾಗಾಗಿ ಸಂಕ್ರಾಂತಿ ನಾಟಕದ ತಾಲೀಮು ರಜೆ ಶುರುವಾದ ಮೇಲೆಯೇ. ಹನ್ನೆರಡನೇ ಕ್ಲಾಸಿನ ಮಕ್ಕಳನ್ನು ಈ ತಿಂಗಳು ಯಾವುದಕ್ಕೂ ಕರೆಯಬೇಡಿ, ಕಾಲೇಜು ಅರ್ಜಿ ಬರೆಯುತ್ತಾ ರಾತ್ರಿಯಿಡೀ ಎದ್ದಿರುತ್ತಾರೆ ಪಾಪ. ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚಲು, ಅಚ್ಚು ಬೆಲ್ಲ ಕತ್ತರಿಸಲು ಕೈಗಳು ಬೇಕು. ಕಳೆದ ವರ್ಷ ಆರು ಜನ ಸೇರಿ ಬೆಳಗಿನ ಜಾವದವರೆಗೂ ಹೆಚ್ಚಿದ್ದೆವು. ಸದಸ್ಯತ್ವದ ನವೀಕರಣ ಡಿಸೆಂಬರ್ 31ರೊಳಗೆ.

ಇನ್ನೊಂದು ಮಾತು. ಈ ಸುದ್ದಿಪತ್ರ ನಾಲ್ಕು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಟೈಪು, ಕರಡು ತಿದ್ದೋದು, ಪುಟ ಜೋಡಿಸೋದು, ಎಲ್ಲ. ಇಷ್ಟಪಟ್ಟೇ ಮಾಡುತ್ತೇನೆ, ಆದರೆ ಒಬ್ಬಳಿಗೇ ಜಾಸ್ತಿಯಾಗುತ್ತಿದೆ. ತಿಂಗಳಿಗೆ ಎರಡು ಸಂಜೆ ಕೊಡುವ ಒಬ್ಬರು ಸಿಕ್ಕರೂ ಸಾಕು. ಸ್ಪ್ಯಾನಿಷ್ ಬರೆಯಬಲ್ಲವರು ಒಬ್ಬರು ಈ ವಾರವೇ ತುರ್ತಾಗಿ ಬೇಕು. ಯಾಕೆ ಅಂತ ಹೇಳುತ್ತೇನೆ.

ಇವತ್ತು ಸಂಜೆ ಮಗಳು ಕೇಳಿದಳು, "ಪಾವು ಅಂದ್ರೆ ಎಷ್ಟು ಕಪ್ಪು?" ಹೆಚ್ಚುಕಮ್ಮಿ ಒಂದು ಅಂದೆ. ಆಮೇಲೆ ತೊಗರಿಬೇಳೆ ಪ್ಯಾಕೆಟ್ ಎತ್ತಿಕೊಂಡು, "ಇದನ್ನ ಹೇಗೆ ಮಾಡೋದು ಅಂತ ಅವರಿಗೆ ಗೊತ್ತಿರಲ್ಲ ಅಲ್ವಾ?" ಅಂದಳು. ನನಗೆ ಇದು ಹೊಳೆದೇ ಇರಲಿಲ್ಲ. ಕೂತು ಚಿಕ್ಕ ಚಿಕ್ಕ ಚೀಟಿ ಮಾಡಿದಳು. ಒಂದು ಕಪ್ ಬೇಳೆ ತೊಳೆಯಿರಿ, ಮೂರು ಕಪ್ ನೀರು, ಚಿಟಿಕೆ ಅರಿಶಿನ, ಮೆತ್ತಗಾಗುವವರೆಗೆ ಬೇಯಿಸಿ, ಉಪ್ಪು ಹಾಕಿ ಅನ್ನದ ಜೊತೆ ತಿನ್ನಿ. ಇಂಗ್ಲಿಷಲ್ಲಿ ಬರೆದು ಸ್ಪ್ಯಾನಿಷಿಗೆ ಅಂತ ಕೆಳಗೆ ಜಾಗ ಬಿಟ್ಟಿದ್ದಾಳೆ. ಹನ್ನೊಂದು ಪ್ಯಾಕೆಟ್ಟಿಗೆ ಅಂಟಿಸಿ ಮಲಗಿದ್ದಾಳೆ. ಈಗ ಪೆಟ್ಟಿಗೆ ಮುಚ್ಚಲು ಹೋದಾಗ ನೋಡಿದೆ. ಪ್ರತಿ ಚೀಟಿಯ ಮೂಲೆಯಲ್ಲೂ ಕನ್ನಡದಲ್ಲಿ, ಸ್ವಲ್ಪ ಸೊಟ್ಟಗೆ, "ಊಟ ಆಯ್ತಾ?" ಅಂತ ಬರೆದಿದ್ದಾಳೆ.