ಒಡೆಯನೇ ಬೇಡಿದರೂ ಉಳಿಯದ ಜೀವ

ಸಂಪಾದಕರೇ,

ದೊಡ್ಡವರ ಒಂದು ಕಾಗದವಿದ್ದರೆ ಗಲ್ಲೂ ತಪ್ಪುತ್ತದೆ ಎಂದು ಕ್ಷಮಾದಾನದ ಬಗ್ಗೆ ಕಳೆದ ವಾರ ನಿಮ್ಮಲ್ಲಿ ಬಂದ ಲೇಖನ ಹೇಳುತ್ತದೆ. ಯಾವಾಗಲೂ ಹಾಗಾಗಲ್ಲ ಸ್ವಾಮಿ.

ಮಗಳ ಮನೆಗೆಂದು ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಹೋಗಿದ್ದೆ. ಹತ್ತಿರದ ನಾರ್ತ್ ಬ್ಯಾಡಸ್ಲಿಯ ಚರ್ಚಿನ ಅಂಗಳದಲ್ಲಿ ಚಾರ್ಲ್ಸ್ ಸ್ಮಿತ್ ಎಂಬ ಕಳ್ಳಬೇಟೆಗಾರನ ಸಮಾಧಿ ಇದೆ. 1820ರಲ್ಲಿ ಅವನು ಲಾರ್ಡ್ ಪಾಮರ್‌ಸ್ಟನ್ನರ ತೋಪಿಗೆ ನುಗ್ಗಿ, ಹಿಡಿಯಲು ಬಂದ ಕಾವಲುಗಾರನ ಮೇಲೆ ಗುಂಡು ಹಾರಿಸಿದ. ಕಾವಲುಗಾರ ಬದುಕಿಕೊಂಡ. ಆದರೆ 1803ರ ಕಾನೂನಿನಲ್ಲಿ, ಕೊಲ್ಲುವ ಉದ್ದೇಶದಿಂದ ಗುಂಡು ಹೊಡೆದರೆ ಯಾರೂ ಸಾಯದಿದ್ದರೂ ಗಲ್ಲು.

ಅವನನ್ನು ಉಳಿಸಿ ಎಂದು ಪಾಮರ್‌ಸ್ಟನ್ನರೇ ಬೇಡಿದರು. ತೋಪು ಅವರದು, ಕಾವಲುಗಾರ ಅವರವನು. ಆಗ ಯುದ್ಧ ಖಾತೆಯನ್ನೂ ನೋಡಿಕೊಳ್ಳುತ್ತಿದ್ದರು, ಮುಂದೆ ಪ್ರಧಾನಿಯಾದರು. ಇದಕ್ಕಿಂತ ದೊಡ್ಡ ಶಿಫಾರಸು ಬೇಕಾ? ನ್ಯಾಯಾಧೀಶರು ಒಪ್ಪಲಿಲ್ಲ. 1822ರ ಮಾರ್ಚ್ 23ಕ್ಕೆ ವಿಂಚೆಸ್ಟರ್‌ನಲ್ಲಿ ಗಲ್ಲಾಯಿತು. ವಯಸ್ಸು 30.

ಸಮಾಧಿಗೆ ಎರಡು ಕಲ್ಲು. ಮೊದಲನೆಯದನ್ನು ಪತ್ರಕರ್ತ ವಿಲಿಯಂ ಕಾಬೆಟ್ ಹಾಕಿಸಿದ್ದು ಅಂತಾರೆ. 'ಬೇಟೆ ಪ್ರಾಣಿ ಎಂದು ಕರೆಯುವುದನ್ನು' ಹುಡುಕುತ್ತಿದ್ದಾಗ ಸಿಕ್ಕಿಬಿದ್ದವನು ಎಂದು ಅದರಲ್ಲಿದೆ. 'ಎಂದು ಕರೆಯುವುದನ್ನು' ಅಂತೆ! ಕಾಡಿನ ಮೊಲ, ಹಕ್ಕಿ ಯಾರ ಅಪ್ಪನ ಮನೆಯದು ಅನ್ನುವ ಕುಟುಕು ಅದು. ಎರಡನೆಯದು ಎಷ್ಟೋ ವರ್ಷದ ಮೇಲೆ ಪಾಮರ್‌ಸ್ಟನ್ನರ ಮನೆತನದವರು ಹಾಕಿಸಿದ್ದು: ನಮ್ಮವರು ಉಳಿಸಲು ನೋಡಿದರು ಎಂಬ ಸಮಜಾಯಿಷಿ. ಸತ್ತವನ ತಲೆ ಮೇಲೆ ಈಗಲೂ ಜಗಳ, ಅಲ್ವಾ?

ಮಗಳು ಲಂಡನ್ನಿನ ಕ್ಯೂನಲ್ಲಿರುವ ದಾಖಲೆ ಭಂಡಾರಕ್ಕೂ ಕರೆದೊಯ್ದಳು. 1819ರಿಂದ ಬಂದ ದಯಾ ಅರ್ಜಿಗಳ ಕಟ್ಟುಗಳು ಅಲ್ಲಿವೆ. ರಾತ್ರಿ ಕಳ್ಳಬೇಟೆಯಲ್ಲಿ ಮೂರನೇ ಸಲ ಸಿಕ್ಕರೆ 7 ವರ್ಷ ಕಡಲಾಚೆಗೆ ಗಡೀಪಾರು ಮಾಡಬಹುದು ಎಂದು 1828ರಲ್ಲಿ ಕಾನೂನಾಯಿತು. ದುಡಿಯುವವನು ಹಡಗು ಹತ್ತಿದರೆ ಮನೆ ಮುಳುಗಿದಂತೆಯೇ. ಅದಕ್ಕೇ ದಯಾ ಅರ್ಜಿಗೆ ಪಾದ್ರಿ, ಕೆಲಸ ಕೊಟ್ಟವರು, ನೆರೆಹೊರೆಯವರು ಸಹಿ ಹಾಕುತ್ತಿದ್ದರು. ಸಹಿ ಬಾರದವರದು ಬರೀ ಒಂದು ಅಡ್ಡ ಗೀಟು, ಮೇಲೊಂದು ಉದ್ದ ಗೀಟು. ನಮ್ಮಲ್ಲಾದರೆ ಹೆಬ್ಬೆಟ್ಟು.

ಕೊನೆಯಲ್ಲಿ ಅದೇ ಸಾಲು: ಅರ್ಜಿದಾರರು ಸದಾ ಪ್ರಾರ್ಥಿಸುವರು. ಮೈಸೂರು ಕೋರ್ಟಿನ ಮುಂದೆ 31 ವರ್ಷ ಟೈಪ್ ಹೊಡೆದವನು ನಾನು. ಅರ್ಜಿಗಳ ಕೊನೆಗೆ ಈ ಸಾಲನ್ನು ಇಂಗ್ಲಿಷಿನಲ್ಲಿ, ಅರ್ಥದ ಕಡೆ ಗಮನವಿಲ್ಲದೆ, ಸುಮ್ನೆ ಕುಟ್ಟುತ್ತಿದ್ದೆ. ಅಲ್ಲಿ ಮಾಸಿದ ಶಾಯಿಯಲ್ಲಿ ಅದನ್ನು ಕಂಡಾಗ ಮೇಜಿನ ಮೇಲೆ ನನ್ನ ಬೆರಳು ತಾನಾಗೇ ಆಡಿತು.

— ನಿವೃತ್ತ ಟೈಪಿಸ್ಟ್, ಮೈಸೂರು