ಗೆಳೆಯನಿಗೊಂದು ಪತ್ರ: ಪದಕದ ಮೇಲಿನ 1830

ಪ್ರೀತಿಯ ಗೆಳೆಯಾ,

ಪದಕದ ಫೋಟೋ ಕಳಿಸಿದವನು ಆಮೇಲೆ ಮಾತೇ ಆಡಲಿಲ್ಲ ಅಂತ ನಿನಗೆ ಸಿಟ್ಟು. ಗೊತ್ತು. ವಾಟ್ಸಾಪಿನಲ್ಲಿ ಎರಡು ಸಾಲಿಗೆ ಮುಗಿಯುವ ವಿಷಯ ಅಲ್ಲ ಇದು. ನಾಲ್ಕು ಜನ ಓದುವ ಜಾಗದಲ್ಲೇ ಬರೆಯುತ್ತಿದ್ದೇನೆ, ಯಾಕಂದ್ರೆ ಕರಾವಳಿಯ ಎಷ್ಟೋ ಕ್ರೈಸ್ತ ಮನೆಗಳ ಪೆಟ್ಟಿಗೆಯಲ್ಲಿ ಇಂಥದ್ದೊಂದು ಇದ್ದೀತು.

ಮೋಂತಿ ಹಬ್ಬದ ದಿನ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬ ಮತ್ತು ನಮ್ಮ ಹೊಸ ತೆನೆಯ ಹಬ್ಬದಂದು, ತೆನೆಯ ಕಾಳು ಪಾಯಸಕ್ಕೆ ಬೀಳುವ ಮೊದಲು, ದೊಡ್ಡಮ್ಮ ಆ ಪದಕವನ್ನು ಎಲ್ಲರ ಹಣೆಗೆ ಮುಟ್ಟಿಸುತ್ತಾರೆ. ನಿನ್ನ ಹಣೆಗೂ ಮುಟ್ಟಿಸಿದ್ದಾರೆ, ನೀನು ಕುಂಬಳಕಾಯಿ ತಂದ ಆ ವರ್ಷ. ಆಮೇಲೆ ಕಥೆ. 1784ರಲ್ಲಿ ಟಿಪ್ಪು ಸುಲ್ತಾನ್ ನಮ್ಮವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಮನೆತನದ ಹೆಂಗಸೊಬ್ಬಳು ಇದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಘಟ್ಟ ಹತ್ತಿದಳು. ಮಕ್ಕಳು ದಾರಿಯಲ್ಲೇ ಹೋದರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಇದೇ ಗಂಟಿನ ಜೊತೆ ಊರಿಗೆ ವಾಪಸು ಬಂದಳು. ದೊಡ್ಡಮ್ಮನ ದನಿ ಪ್ರತಿ ಸಲ ಒಂದೇ ಜಾಗದಲ್ಲಿ ಗದ್ಗದವಾಗುತ್ತದೆ.

ಈ ಸಲ ಕೊಂಡಿ ಸವೆದಿದೆ, ಸರಿ ಮಾಡಿಸಿಕೊಂಡು ಬಾ ಅಂತ ನನ್ನ ಕೈಗೆ ಕೊಟ್ಟರು. ಮೇಣ, ಎಣ್ಣೆ, ಜಿಡ್ಡು ಎಲ್ಲ ಸೇರಿ ಅಂಚು ಕಾಣುತ್ತಲೇ ಇರಲಿಲ್ಲ. ಸೋಪಿನ ನೀರಲ್ಲಿ ನೆನೆಸಿ, ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ಭೂತಗನ್ನಡಿ ಹಿಡಿದೆ. ಗೋಲದ ಮೇಲೆ ನಿಂತ ಮಾತೆ, ಕಾಲಡಿ ಹಾವು, ಕೈಗಳಿಂದ ಇಳಿಯುವ ಕಿರಣಗಳು. ಸುತ್ತ ಫ್ರೆಂಚ್ ಅಕ್ಷರ. ನಾವು ಇಷ್ಟು ಕಾಲ ಪೋರ್ಚುಗೀಸ್ ಅಂದುಕೊಂಡಿದ್ದೆವು. ಹಿಂದೆ ಎಂ ಅಕ್ಷರ, ಅದರ ಮೇಲೆ ಶಿಲುಬೆ, ಕೆಳಗೆ ಎರಡು ಹೃದಯ, ಸುತ್ತಲೂ ಹನ್ನೆರಡು ನಕ್ಷತ್ರ. ಮಾತೆಯ ಪಾದದ ಹತ್ತಿರ ಇಸವಿ: 1830.

ಇದನ್ನು ಪವಾಡ ಪದಕ ಅಂತ ಕರೆಯುತ್ತಾರೆ. 1830ರಲ್ಲಿ ಪ್ಯಾರಿಸ್ಸಿನ ರ‍್ಯೂ ದ್ಯು ಬಾಕ್ ಬೀದಿಯ ಕಾನ್ವೆಂಟಿನಲ್ಲಿ ಕ್ಯಾಥರೀನ್ ಲಬೂರೆ ಎಂಬ ಹುಡುಗಿಗೆ ಮಾತೆ ಕಾಣಿಸಿಕೊಂಡು, ಹೀಗೊಂದು ಪದಕ ಮಾಡಿಸು ಅಂದಳು ಎಂದು ನಂಬಿಕೆ. ಆಗಿನ್ನೂ ಅವಳು ಸಿಸ್ಟರ್ ಆಗುವ ತರಬೇತಿಯಲ್ಲಿದ್ದಳು. ಮೊದಲ ಪದಕಗಳು ತಯಾರಾದದ್ದು 1832ರಲ್ಲಿ. ಅದೇ ವರ್ಷ ಪ್ಯಾರಿಸ್ಸಿಗೆ ಕಾಲರಾ ಬಂದಿತ್ತು, ಸಿಸ್ಟರುಗಳು ರೋಗಿಗಳಿಗೆ ಇದನ್ನೇ ಹಂಚಿದರು. ಕ್ಯಾಥರೀನ್ ಮಾತ್ರ ತನಗೆ ದರ್ಶನವಾಯಿತು ಅಂತ ಊರಿಗೆ ಹೇಳಿಕೊಳ್ಳಲಿಲ್ಲ. 1876ರಲ್ಲಿ ತೀರಿಕೊಳ್ಳುವ ತನಕ ವೃದ್ಧರ ಸೇವೆ ಮಾಡಿಕೊಂಡಿದ್ದಳು. ಇದು ನನಗೆ ದರ್ಶನಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ವಿಷಯ. 1830 ಅನ್ನುವುದು ದರ್ಶನದ ಇಸವಿ, ಪದಕ ಮಾಡಿದ ಇಸವಿ ಅಲ್ಲ. ಇವತ್ತು ಹೊಸದಾಗಿ ಕೊಂಡರೂ ಅದರ ಮೇಲೆ 1830 ಅಂತಲೇ ಇರುತ್ತದೆ. ಹಾಗಾದರೆ ನಮ್ಮದು ಯಾವ ಕಾಲದ್ದು? ಲೋಹ ನೋಡಬೇಕು. ನಮ್ಮ ಪದಕ ಅಂಗೈಯಲ್ಲಿಟ್ಟರೆ ಭಾರವೇ ಇಲ್ಲ, ನಾವು ಪೆಪ್ಪರಮಿಂಟಿಗೆ ಕೊಡುತ್ತಿದ್ದ ಹೂವಿನಂಚಿನ ಹತ್ತು ಪೈಸೆಯ ಹಾಗೆ. ಅಲ್ಯೂಮಿನಿಯಂ. ಒಂದು ಕಾಲಕ್ಕೆ ಅದು ದುಬಾರಿ ಲೋಹ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಬೇರೆ ಬೇರೆಯಾಗಿ ಅದನ್ನು ವಿದ್ಯುತ್ತಿನಿಂದ ತೆಗೆಯುವ ದಾರಿ ಕಂಡುಕೊಂಡರು. ಆಮೇಲೆಯೇ ಅದು ಬಡವರ ಕೊರಳಿಗೂ ಸಿಗುವಷ್ಟು ಅಗ್ಗವಾಯಿತು. ಅಂದರೆ ಶ್ರೀರಂಗಪಟ್ಟಣದಿಂದ ಜನ ವಾಪಸು ಬಂದು ನೂರು ವರ್ಷವಾಗುವ ಹೊತ್ತಿನದ್ದು ಇದು, ಇಲ್ಲವೇ ಇನ್ನೂ ಈಚಿನದು. 1870ರಲ್ಲಿ ಫ್ರಾನ್ಸಿನ ಬಯೋನ್ ಊರಿನಿಂದ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಮಂಗಳೂರಿಗೆ ಬಂದು ಸೇಂಟ್ ಆ್ಯನ್ಸ್ ಶುರುಮಾಡಿದ್ದರು. ಅಂಥ ಯಾವುದೋ ಕಾನ್ವೆಂಟಿನಲ್ಲಿ ಓದಿದ ಹುಡುಗಿಯೊಬ್ಬಳಿಗೆ ಸಿಕ್ಕಿರಬಹುದು ಅನ್ನುವುದು ನನ್ನ ಊಹೆ.

ಇಷ್ಟು ತಿಳಿದಾಗ ಖುಷಿಯಾಗಬೇಕಿತ್ತು, ಅಲ್ವಾ? ಆಗಲಿಲ್ಲ. ನಿದ್ದೆ ಬರಲಿಲ್ಲ.

ಯಾರಿಗೂ ಹೇಳಿಲ್ಲ, ಹೆಂಡತಿಗೂ ಇಲ್ಲ. ಅಮ್ಮನಿಗೆ ಹೃದಯದ ಆಪರೇಷನ್ ಆದ ರಾತ್ರಿ ಈ ಪದಕ ನನ್ನ ಮುಷ್ಟಿಯಲ್ಲಿತ್ತು. ದೊಡ್ಡಮ್ಮ ಜಪ ಮಾಡು ಅಂತ ಕೊಟ್ಟಿದ್ದರು. ನಾನು ಒಂದು ಜಪವನ್ನೂ ಮಾಡಲಿಲ್ಲ. ಮಾತೆಯ ನೆನಪೂ ಬರಲಿಲ್ಲ. ಆ ಹೆಂಗಸನ್ನೇ ನೆನೆಯುತ್ತಾ ಕೂತಿದ್ದೆ. ಮಕ್ಕಳನ್ನು ದಾರಿಯಲ್ಲಿ ಮಣ್ಣುಮಾಡಿ ಮತ್ತೆ ನಡೆದವಳು, ಹದಿನೈದು ವರ್ಷ ತಡೆದುಕೊಂಡವಳು. ಅವಳ ಬೆರಳು ಮುಟ್ಟಿದ್ದನ್ನು ನಾನೂ ಮುಟ್ಟುತ್ತಿದ್ದೇನೆ, ನನಗೂ ತಡೆಯುವ ಶಕ್ತಿ ಬರುತ್ತದೆ ಅಂತ. ಪೂಜೆಗೆ ತಪ್ಪದೆ ಹೋಗುತ್ತೇನೆ, ಪರಮಪ್ರಸಾದ ತೆಗೆದುಕೊಳ್ಳುತ್ತೇನೆ. ಆದರೆ ನನ್ನ ನಂಬಿಕೆಯೆಲ್ಲ ಇದ್ದದ್ದು ಆ ಹೆಂಗಸಿನ ಮೇಲೆ. ಈಗ ಅವಳ ಬೆರಳು ಇದನ್ನು ಮುಟ್ಟಿಲ್ಲ ಅಂತ ಗೊತ್ತಾಗಿದೆ. ಒಳಗೆ ಏನೋ ಖಾಲಿಯಾಗಿದೆ ಕಣೋ.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಬರೆದಾಯ್ತು, ಇರಲಿ.

ದೊಡ್ಡಮ್ಮನಿಗೆ ಹೇಳುತ್ತೇನೆ. ಬಚ್ಚಿಡುವುದು ಅವರಿಗೆ ಮರ್ಯಾದೆ ಅಲ್ಲ. ಕಾನ್ವೆಂಟಿನ ಹುಡುಗಿ ಯಾರಿರಬಹುದು ಅಂತ ಅವರನ್ನೇ ಕೇಳಬೇಕು. ನಮ್ಮ ಮನೆಯ ಹೆಂಗಸರ ಹೆಸರು, ತವರು, ಮದುವೆ, ಜಗಳ ಎಲ್ಲ ಅವರ ಬಾಯಲ್ಲೇ ಇದೆ. ಘಟ್ಟ ಹತ್ತಿದವಳ ಹೆಸರು ಮಾತ್ರ ಅವರು ಒಮ್ಮೆಯೂ ಹೇಳಿದ್ದಿಲ್ಲ. ಅದನ್ನೂ ಕೇಳುತ್ತೇನೆ.

ಸೆಪ್ಟೆಂಬರ್ 8ಕ್ಕೆ ನೀನು ಬರಲೇಬೇಕು. ಊಟ ಪೂರ್ತಿ ಸಸ್ಯಾಹಾರ, ಆದ್ದರಿಂದ ನಿನ್ನ ಅಮ್ಮನಿಗೆ ಸುಳ್ಳು ಹೇಳುವ ಕೆಲಸವೂ ಇಲ್ಲ. ನಾನು ಮಾತು ತೆಗೆದಾಗ ದೊಡ್ಡಮ್ಮನ ಪಕ್ಕ ನೀನೇ ಕೂತಿರು, ನಿನ್ನನ್ನು ಕಂಡರೆ ಅವರಿಗೆ ನನಗಿಂತ ಜಾಸ್ತಿ ಪ್ರೀತಿ. ಕುಂಬಳಕಾಯಿ ಮಾತ್ರ ತರಬೇಡ ಮಾರಾಯ.

ನಿನ್ನವ