ನಮ್ಮ ಬಿಲ್ ಪಾಸಾದ ದಿನ ನೀವು ಎಲ್ಲಿದ್ದಿರಿ?

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನನ್ನ ತಂಗಿ ಮಗ ಮನೆಗೆ ಬಂದಿದ್ದ. ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಸಿಎನ್‌ಸಿ ಆಪರೇಟರ್. ನಾನೂ ಅದೇ ಪೀಣ್ಯದಲ್ಲಿ 31 ವರ್ಷ ಲೇತ್ ಮುಂದೆ ನಿಂತವನು. ಊಟ ಆದ ಮೇಲೆ ಕೇಳಿದ, "ಮಾವ, ನಮ್ಮಲ್ಲಿ 180 ಜನ ಇದ್ದೀವಿ. ಹೊಸ ಕಾರ್ಮಿಕ ಕಾನೂನಿನಲ್ಲಿ ಕಂಪನಿ ಮುಚ್ಚೋಕೆ ಸರ್ಕಾರದ ಅನುಮತಿ ಬೇಡ್ವಂತೆ, ಹೌದಾ? ಇದು ಪಾಸಾಗುವಾಗ ಪಾರ್ಲಿಮೆಂಟಲ್ಲಿ ಯಾರೂ ಏನೂ ಕೇಳಲಿಲ್ವಾ?"

ಹೌದು ಅಂದೆ. ಮೊದಲು 100 ಜನ ಇದ್ದರೆ ಸಾಕಿತ್ತು, ಕೆಲಸದಿಂದ ತೆಗೆಯೋಕೂ ಕಾರ್ಖಾನೆ ಮುಚ್ಚೋಕೂ ಮಾಲೀಕರು ಸರ್ಕಾರದ ಅನುಮತಿ ತಗೋಬೇಕಿತ್ತು. ಈಗ ಅದು 300 ಆಗಿದೆ. 2025ರ ನವೆಂಬರ್ 21ರಿಂದ ಜಾರಿಗೂ ಬಂದಿದೆ. ಆದರೆ ಅವನ ಎರಡನೇ ಪ್ರಶ್ನೆಗೆ ಉತ್ತರ ಹೇಳೋಕೆ ನನಗೆ ತುಂಬಾ ಕಷ್ಟ ಆಯಿತು. ಅದಕ್ಕೇ ಈ ಪತ್ರ, ಅವತ್ತು ಸದನದ ಹೊರಗಿದ್ದ ವಿರೋಧ ಪಕ್ಷದವರನ್ನು ಕೇಳೋಕೆ.

ಆ ಕಾನೂನು ರಾಜ್ಯಸಭೆಯಲ್ಲಿ ಪಾಸಾಗೋ ಮೂರು ದಿನ ಮೊದಲು, 2020ರ ಸೆಪ್ಟೆಂಬರ್ 20. ಕೊರೊನಾ ಕಾಲ, ಕೆಲಸ ಇಲ್ಲದೆ ಮನೆಯಲ್ಲೇ ಕೂತಿದ್ದೆ, ಟಿವಿಯಲ್ಲಿ ರಾಜ್ಯಸಭೆ ನೋಡುತ್ತಿದ್ದೆ. ಕೃಷಿ ಬಿಲ್‌ಗಳ ದಿನ ಅದು. ನಮ್ಮ ದೇವೇಗೌಡರು ಅವತ್ತೇ ಪ್ರಮಾಣವಚನ ತಗೊಂಡು ಸದನಕ್ಕೆ ಬಂದಿದ್ದರು. ದೇಶ ಎರಡು ಭಾಗವಾಗಿದ್ದ ವಿಷಯ. ವಿರೋಧ ಪಕ್ಷದವರು ಬಿಲ್ಲನ್ನು ಕೂತು ಪರಿಶೀಲಿಸೋಕೆ ಸಂಸದರ ಆಯ್ಕೆ ಸಮಿತಿಗೆ ಕಳಿಸಿ ಅಂದರು, ಮತ ವಿಭಜನೆ ಆಗಲಿ, ಅಂದರೆ ಒಬ್ಬೊಬ್ಬರ ಮತ ಎಣಿಸಲಿ ಅಂದರು. ಪೀಠದಲ್ಲಿದ್ದ ಉಪಸಭಾಪತಿ ಹರಿವಂಶ್ ಅವರು ಕೊಡಲಿಲ್ಲ, ಸದಸ್ಯರು ತಮ್ಮ ಸೀಟಿನಲ್ಲಿ ಇಲ್ಲ ಅಂದರು. ಗದ್ದಲ, ಪೀಠದ ಮುಂದಿನ ಜಾಗಕ್ಕೆ (ಸದನದ ಬಾವಿಗೆ) ಇಳಿದದ್ದು, ರೂಲ್ ಬುಕ್ ಹಿಡಿದು ಪೀಠದ ಕಡೆ ನುಗ್ಗಿದ್ದು, ಎಲ್ಲ ಆಯಿತು. ಕೊನೆಗೆ ಧ್ವನಿಮತದಲ್ಲಿ, ಅಂದರೆ ಹೌದು-ಇಲ್ಲ ಅಂತ ಕೂಗಿದ್ದನ್ನು ಕೇಳಿಯೇ, ಪಾಸ್ ಅಂದುಬಿಟ್ಟರು. ಅಷ್ಟು ದೊಡ್ಡ ಬಿಲ್‌ಗೆ ಯಾವ ಸಂಸದರು ಹೌದು ಅಂದರು, ಯಾರು ಇಲ್ಲ ಅಂದರು ಅನ್ನೋದಕ್ಕೆ ಇವತ್ತಿಗೂ ದಾಖಲೆ ಇಲ್ಲ.

ಅದು ತಪ್ಪು. ಮತ ಎಣಿಸಿ ಅಂತ ಸದನದಲ್ಲಿ ಒಬ್ಬರು ಕೇಳಿದರೂ ಎಣಿಸಬೇಕು, ನಾನು ಆ ಮಾತಿನಿಂದ ಹಿಂದೆ ಸರಿಯಲ್ಲ. ಮಾರನೇ ದಿನ ಎಂಟು ಸದಸ್ಯರನ್ನು ಅಮಾನತು ಮಾಡಿದರು, ಅದರಲ್ಲಿ ಕರ್ನಾಟಕದ ಸೈಯದ್ ನಾಸಿರ್ ಹುಸೇನ್ ಕೂಡ ಒಬ್ಬರು. ರಾತ್ರಿಯೆಲ್ಲ ಗಾಂಧಿ ಪ್ರತಿಮೆ ಹತ್ತಿರ ಕೂತರು. ಬೆಳಿಗ್ಗೆ ಹರಿವಂಶ್ ಅವರು ಚಹಾ ತಗೊಂಡು ಹೋದರು, ಟಿವಿಯವರೆಲ್ಲ ಇಡೀ ದಿನ ಆ ಚಹಾವನ್ನೇ ತೋರಿಸಿದರು. ಅಮಾನತು ವಾಪಸ್ ತಗೊಳ್ಳೋವರೆಗೆ ಬರೋದಿಲ್ಲ ಅಂತ ಬಹುಪಾಲು ವಿರೋಧ ಪಕ್ಷಗಳು ಸದನ ಬಹಿಷ್ಕಾರ ಮಾಡಿದವು. ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ.

ಆದರೆ ಸೆಪ್ಟೆಂಬರ್ 23ಕ್ಕೆ ರಾಜ್ಯಸಭೆಗೆ ನಮ್ಮ ಬಿಲ್ ಬಂತು. ಮೂರು ಕಾರ್ಮಿಕ ಸಂಹಿತೆ, ಒಂದೇ ದಿನ. ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಜಾಗದ ಸುರಕ್ಷತೆ. ಹಿಂದೆ ಬಂದಿದ್ದ ವೇತನ ಸಂಹಿತೆ ಸೇರಿಸಿದರೆ 29 ಹಳೇ ಕಾನೂನುಗಳ ಬದಲಿಗೆ ನಾಲ್ಕು. ಕೋಟ್ಯಂತರ ಜನರ ಅನ್ನದ ವಿಷಯ ಇದು. ವಿರೋಧ ಪಕ್ಷದ ಕಡೆ ಬಹುಪಾಲು ಸೀಟುಗಳು ಖಾಲಿ. ನಾವಿಲ್ಲದಾಗ ಈ ಬಿಲ್‌ಗಳನ್ನು ಪಾಸ್ ಮಾಡಬೇಡಿ ಅಂತ ಆಗ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಗುಲಾಂ ನಬಿ ಆಜಾದ್ ಅವರು ಸಭಾಪತಿ ವೆಂಕಯ್ಯ ನಾಯ್ಡು ಅವರಿಗೆ ಪತ್ರ ಬರೆದರು. ಪತ್ರ ಬರೆಯೋದು ನನ್ನಂಥವನು ಮಾಡೋ ಕೆಲಸ, ನನಗೆ ಬೇರೆ ದಾರಿ ಇಲ್ಲ. ಅವರಿಗೆ ಒಳಗೆ ಕೂರೋಕೆ ಸೀಟು ಇತ್ತು, ಮೈಕ್ ಇತ್ತು.

ಯಾರಾದರೂ ಒಬ್ಬರು ಒಳಗೆ ಇದ್ದಿದ್ದರೆ ಏನು ಕೇಳಬಹುದಿತ್ತು ಅಂತ ನಾನು ಹೇಳುತ್ತೇನೆ. ತುಂಬಾ ವರ್ಷದ ಹಿಂದೆ ನಮ್ಮ ಶಾಪ್‌ನಲ್ಲಿ ಒಂದು ಪವರ್ ಪ್ರೆಸ್‌ಗೆ ಗಾರ್ಡ್, ಅಂದರೆ ಕೈ ಸಿಕ್ಕಿಕೊಳ್ಳದಂತೆ ತಡೆಯೋ ಕವಚ, ಇರಲಿಲ್ಲ. ಬಿಚ್ಚಿ ಪಕ್ಕದಲ್ಲಿ ಇಟ್ಟಿದ್ದರು, ಅದು ಇದ್ದರೆ ಪೀಸ್ ನಿಧಾನ ಆಗುತ್ತದೆ ಅಂತ. ಒಂದು ಬೆಳಿಗ್ಗೆ ಹತ್ತೊಂಬತ್ತು ವರ್ಷದ ಹುಡುಗನ ಎರಡು ಬೆರಳು ಹೋದವು. ವೇಸ್ಟ್ ಬಟ್ಟೆಯಲ್ಲಿ ಅವನ ಕೈ ಸುತ್ತಿ ಆಟೋ ಹತ್ತಿಸಿದ್ದು ನಾನೇ. ವಾಪಸ್ ಬರೋ ಹೊತ್ತಿಗೆ ಎಲ್ಲರೂ ಮಷೀನ್ ಆಫ್ ಮಾಡಿ ಗೇಟ್ ಹತ್ತಿರ ಕೂತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಸಂಜೆ ಶಿಫ್ಟ್ ಶುರುವಾಗುವ ಮೊದಲು ಮೂರು ಪ್ರೆಸ್‌ಗೂ ಗಾರ್ಡ್ ಬಂತು.

ಹೊಸ ಕಾನೂನಿನ ಪ್ರಕಾರ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಹಿಂದೆ ನೀರು, ಕರೆಂಟು, ರೈಲು ಇಂಥ ಸಾರ್ವಜನಿಕ ಸೇವೆಗಳಿಗೆ ಮಾತ್ರ ಆ ನೋಟಿಸ್ ಇತ್ತು, ಈಗ ಎಲ್ಲ ಕಾರ್ಖಾನೆಗೂ ಬಂತು. ಹಾಗಾದರೆ ಬೆರಳು ಹೋದ ದಿನ ಕಾರ್ಮಿಕರು ಏನು ಮಾಡಬೇಕು ಸ್ವಾಮಿ? 14 ದಿನ ಅದೇ ಪ್ರೆಸ್ ಮುಂದೆ ಕೈ ಇಟ್ಟುಕೊಂಡು ನಿಲ್ಲಬೇಕಾ? ಇದೊಂದು ಪ್ರಶ್ನೆಯನ್ನು ಸದನದಲ್ಲಿ ಸಚಿವರ ಮುಖ ನೋಡಿ ಕೇಳಿದ್ದರೆ ಅವರು ಏನಾದರೊಂದು ಉತ್ತರ ಕೊಡಲೇಬೇಕಿತ್ತು. ಆ ಉತ್ತರ ಕಡತದಲ್ಲಿ ಇರುತ್ತಿತ್ತು. ನಾಳೆ ಲೇಬರ್ ಆಫೀಸಿನಲ್ಲೋ ಕೋರ್ಟಿನಲ್ಲೋ ಅದನ್ನು ತೆಗೆದು ತೋರಿಸಬಹುದಿತ್ತು.

ವಿರೋಧ ಪಕ್ಷ ಇದ್ದಿದ್ದರೆ ಬಿಲ್ ಬಿದ್ದುಹೋಗುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಸರ್ಕಾರದ ಕಡೆಗೇ ಇತ್ತೇನೋ. ಆದರೆ ಇದೇ 100ರಿಂದ 300ರ ವಿಷಯ ಅದೇ ತಿಂಗಳ ಕೊನೆಯಲ್ಲಿ ನಮ್ಮ ವಿಧಾನಸೌಧಕ್ಕೂ ಬಂದಿತ್ತು, ಜಾಸ್ತಿ ಜನಕ್ಕೆ ಇದು ನೆನಪಿಲ್ಲ. ಆಗಿನ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಆಮೇಲೆ ಬಿಲ್ ಮಾಡಿ ವಿಧಾನಸಭೆಯಲ್ಲಿ ಪಾಸ್ ಮಾಡಿಸಿತ್ತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ (ಓವರ್‌ಟೈಮ್) ಮಿತಿಯನ್ನು 125 ಗಂಟೆಗೆ ಏರಿಸೋದೂ ಅದರಲ್ಲಿತ್ತು. ವಿಧಾನ ಪರಿಷತ್ತಿನಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಸದಸ್ಯರು ಎದ್ದು ಹೊರಗೆ ಹೋಗಲಿಲ್ಲ. ಒಳಗೇ ಇದ್ದು ವಿರುದ್ಧ ಮತ ಹಾಕಿದರು. ಬಿಲ್ ಬಿತ್ತು. ಅವತ್ತು ನಮ್ಮ ಯೂನಿಯನ್ ಹುಡುಗರು ಫೋನ್ ಮಾಡಿ ಹೇಳಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಆದರೆ ದಿಲ್ಲಿಯಲ್ಲಿ ಅಷ್ಟರೊಳಗೆ ಅದೇ 300 ಪಾಸಾಗಿ ಆಗಿತ್ತು.

ವಿರೋಧ ಪಕ್ಷ ಒಳಗೆ ಕೂತರೆ ಏನಾಗುತ್ತದೆ ಅನ್ನೋದಕ್ಕೆ ಇನ್ನೊಂದು ನೆನಪಾಗುತ್ತದೆ. 2010ರ ಅಣು ಹೊಣೆಗಾರಿಕೆ ಬಿಲ್, ಕೈಗಾ ಅಣು ಸ್ಥಾವರ ಇರುವ ನಮ್ಮ ರಾಜ್ಯಕ್ಕೂ ಸೇರಿದ ವಿಷಯ. ಆಗ ವಿರೋಧದಲ್ಲಿದ್ದದ್ದು ಬಿಜೆಪಿ, ಎಡಪಕ್ಷಗಳು. ಕೂತು ಒಂದೊಂದು ಪದ ಓದಿದರು. ಅವಘಡ ಆದರೆ ಸ್ಥಾವರ ನಡೆಸುವವರು ಕೊಡಬೇಕಾದ ಪರಿಹಾರದ ಮಿತಿ 500 ಕೋಟಿ ಇದ್ದದ್ದು 1,500 ಕೋಟಿ ಆಯಿತು. ಒಂದು ಕಲಮಿನ ಮಧ್ಯೆ ಬಂದು ಕೂತಿದ್ದ 'ಮತ್ತು' ಅನ್ನೋ ಪದವನ್ನು ಗದ್ದಲ ಮಾಡಿ ತೆಗೆಸಿದರು, ಅದಿದ್ದರೆ ಯಂತ್ರ ಮಾರಿದ ಕಂಪನಿ ಸುಲಭವಾಗಿ ತಪ್ಪಿಸಿಕೊಳ್ಳುತ್ತಿತ್ತು. ಪಕ್ಷ ಯಾವುದಾದರೂ ಇರಲಿ, ಆ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ.

ರೈತರು ದಿಲ್ಲಿ ಗಡಿಯಲ್ಲಿ ಒಂದು ವರ್ಷಕ್ಕೂ ಜಾಸ್ತಿ ಚಳಿ, ಬಿಸಿಲು, ಮಳೆ ತಿಂದು ಕೂತರು. 2021ರ ನವೆಂಬರ್ 29ಕ್ಕೆ ಕೃಷಿ ಕಾನೂನುಗಳು ವಾಪಸ್ ಆದವು, ಅದೂ ಚರ್ಚೆ ಇಲ್ಲದೆ. ಅವರಿಗೆ ಆ ಶಕ್ತಿ ಇತ್ತು, ಊರುಗಳು ಬೆನ್ನಿಗಿದ್ದವು. ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡುವ ನಮ್ಮ ಹುಡುಗರು ಒಂದು ವಾರ ರಸ್ತೆಯಲ್ಲಿ ಕೂತರೆ ಅವರ ಜಾಗಕ್ಕೆ ಬೇರೆಯವರು ಬಂದಿರುತ್ತಾರೆ. ಬೀದಿಯಲ್ಲಿ ಕೂರಲಾಗದವರ ಪರವಾಗಿ ಒಳಗೆ ಕೂರಲಿ ಅಂತಲೇ ಅಲ್ವಾ ನಾವು ವಿರೋಧ ಪಕ್ಷಕ್ಕೂ ಓಟು ಹಾಕೋದು?

ಈಗಲೂ ಅಧಿವೇಶನ ಶುರುವಾದರೆ ಸಭಾತ್ಯಾಗದ ಫೋಟೊಗಳೇ ಜಾಸ್ತಿ ಕಾಣುತ್ತವೆ, ದಿಲ್ಲಿಯಲ್ಲೂ ಅಷ್ಟೇ, ಬೆಳಗಾವಿಯಲ್ಲೂ ಅಷ್ಟೇ. ನಿಮ್ಮ ಪತ್ರಿಕೆಗೆ ನನ್ನದೊಂದು ಕೋರಿಕೆ ಇದೆ. ದೊಡ್ಡ ಬಿಲ್ ಪಾಸಾದ ಮರುದಿನ ನಮ್ಮ ರಾಜ್ಯದ ಸಂಸದರಲ್ಲಿ ಯಾರು ಒಳಗಿದ್ದರು, ಯಾರು ಮಾತಾಡಿದರು, ಮತ ಎಣಿಸಿದ್ದರೆ ಯಾರು ಯಾವ ಕಡೆ ಹಾಕಿದರು ಅಂತ ಒಂದು ಸಣ್ಣ ಪಟ್ಟಿ ಹಾಕಿ. ಎಣಿಸದೆ ಪಾಸ್ ಮಾಡಿದ್ದರೆ ಅದನ್ನೂ ಬರೆಯಿರಿ. ಮೊದಲ ಪುಟ ಬೇಡ, ಒಳಗಿನ ಪುಟದಲ್ಲಿ ಒಂದು ಕಾಲಂ ಸಾಕು. ಅದನ್ನು ಕತ್ತರಿಸಿ ನನ್ನ ತಂಗಿ ಮಗನ ಕೈಗೆ ಕೊಡುತ್ತೇನೆ.

– ನಿವೃತ್ತ ಟರ್ನರ್, ಪೀಣ್ಯ, ಬೆಂಗಳೂರು